ಗುಂಡಣ್ಣನ ಹೆಸರಿನ ಕೇಕ್

ನಮ್ಮ ಅತ್ತೆ ತಮ್ಮ ಅಡುಗೆಮನೆಯನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ, ಹೆತ್ತ ಮಗಳಿಗೂ ಇಲ್ಲ. ಹೀಗಿರುವಾಗ ನನ್ನ ಹೆಂಡತಿ ಒಂದು ಮಧ್ಯಾಹ್ನ, ತಾನು ಕೆಲಸಕ್ಕಿದ್ದ ಬೇಕರಿ ಮುಚ್ಚಿಹೋಯಿತೆಂದು ಹೇಳಿ, ಅದೇ ಬೇಕರಿಯ ಹಳೇ ಓವನ್ನನ್ನು ತಳ್ಳುಗಾಡಿಯ ಮೇಲೆ ಹೇರಿಸಿಕೊಂಡು ಬಂದು ಮನೆ ಮುಂದೆ ನಿಂತಳು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಏನೇ ಇದು?"

"ಓವನ್ ಅಮ್ಮ."

"ಅದು ಕಾಣ್ತಿದೆ, ನಂಗೇನು ಕಣ್ಣು ಹೋಗಿಲ್ಲ. ನನ್ನ ಮನೆಗೆ ಯಾಕೆ ಬಂತು ಅಂತ ಕೇಳಿದ್ದು."

"ಮನೇಲೇ ಕೇಕ್ ಮಾಡಿ ಮಾರ್ತೀನಿ. ಬೇಕರೀಲಿ ಹೂವು, ಬಳ್ಳಿ, ಗೊಂಬೆ ಎಲ್ಲ ಕೂರಿಸಿ ಅಲಂಕಾರ ಮಾಡ್ತಿದ್ದದ್ದು ನಾನೇ ತಾನೆ? ಗಿರಾಕಿಗಳು ಈಗ್ಲೇ ಕೇಳ್ತಿದಾರೆ."

"ಮತ್ತೆ ಅನ್ನ ಎಲ್ಲಿ ಮಾಡ್ಲಿ? ನಿನ್ನ ತಲೆ ಮೇಲಾ?"

ನಾನು ಬಸ್ ಕಂಡಕ್ಟರ್. ಜಗಳ ಕಂಡಲ್ಲಿ ನನ್ನ ಬಾಯಿಂದ ತಾನಾಗಿ ಬರುವ ಮಾತು ಒಂದೇ. "ಸ್ವಲ್ಪ ಒಳಗೆ ಸರೀರಿ ಅತ್ತೆ, ಇನ್ನೂ ಜಾಗ ಇದೆ" ಅಂದುಬಿಟ್ಟೆ. ತಳ್ಳುಗಾಡಿಯವನು ನಕ್ಕ. ಅತ್ತೆ ನಗಲಿಲ್ಲ. ಮನೆ ಅಳಿಯನ ಸ್ಥಾನ ಮನೆಯ ಕುಕ್ಕರಿನ ಹಾಗೆ, ಕೂಗಿದಾಗ ಮಾತ್ರ ಜನ ತಿರುಗಿ ನೋಡುತ್ತಾರೆ, ಅದೂ ಆರಿಸುವುದಕ್ಕೆ. ಆದರೆ ನನ್ನೊಬ್ಬನ ಸಂಬಳದಲ್ಲಿ ಐದು ಹೊಟ್ಟೆ ನಡೆಯುವುದು ಕಷ್ಟ ಎಂದು ಅತ್ತೆಗೂ ಗೊತ್ತಿತ್ತು. ಕೊನೆಗೆ ರಾಜಿಯಾಯಿತು. ಮಧ್ಯಾಹ್ನದ ಪಾತ್ರೆ ತೊಳೆದ ಮೇಲಿಂದ ಸಂಜೆ ಚಹಾದವರೆಗೆ ಅಡುಗೆಮನೆ ಮಗಳದು. ಫ್ರಿಜ್ಜಿನ ಮೇಲಿನೆರಡು ಅಂತಸ್ತು ಅಮ್ಮನದು, ಕೆಳಗಿನದು ಮಗಳದು. ಗೆರೆ ದಾಟಿದರೆ ಓವನ್ ಬೀದಿಗೆ.

ಈ ಮನೆಯಲ್ಲಿ ಇನ್ನೊಬ್ಬರಿದ್ದರು, ನಮ್ಮ ಮಾವ. ಬೀದಿಯವರು ಅವರನ್ನು ಬೋರ್ಡ್ ಮೇಷ್ಟ್ರು ಅಂತಲೇ ಕರೆಯುವುದು. ಒಂದು ಕಾಲಕ್ಕೆ ಪೇಟೆಯ ಅರ್ಧಕ್ಕರ್ಧ ಅಂಗಡಿಗಳ ಬೋರ್ಡು ಅವರ ಕೈಬರಹ. ಆರು ವರ್ಷದಿಂದ ಕುಂಚ ಮುಟ್ಟಿರಲಿಲ್ಲ. ನಡುಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆಂದರೆ ಊಟಕ್ಕೆ ಕರೆಯುವವರೆಗೆ ಅಲ್ಲೇ. ಫ್ಲೆಕ್ಸ್ ಬಂದು ಅವರ ಕಸುಬು ಕೆಟ್ಟಿತು ಎಂದು ಜನ ತಿಳಿದಿದ್ದರು. ಅದು ಅರ್ಧ ಸತ್ಯ.

ಉಳಿದರ್ಧ ಮನೆಯವರಿಗೆ ಮಾತ್ರ ಗೊತ್ತು. ನನ್ನ ಹೆಂಡತಿಗೆ ಒಬ್ಬ ತಮ್ಮನಿದ್ದ. ಹುಟ್ಟುವಾಗ ಉರುಟುರುಟಾಗಿದ್ದನಂತೆ, ಗುಂಡಣ್ಣ ಎಂಬ ಹೆಸರು ಅಂಟಿಕೊಂಡಿತು. ಆಮೇಲೆ ಕಡ್ಡಿಯ ಹಾಗೆ ಬೆಳೆದರೂ ಹೆಸರು ಬಿಡಲಿಲ್ಲ. ಅಪ್ಪನ ಜೊತೆ ಬೋರ್ಡ್ ಕೆಲಸಕ್ಕೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಮಾವನಿಗೆ ಮಂಡಿ ನೋವು. "ಇವತ್ತು ನೀನು ಹತ್ತು ಮಗಾ" ಅಂದರು. ಅವನು ಏಣಿ ಹತ್ತಿದ. ಏಣಿ ಜಾರಿತು. ಹತ್ತೊಂಬತ್ತು ವರ್ಷದ ಹುಡುಗ. ಆಗ ನಾನೂ ನನ್ನ ಹೆಂಡತಿಯೂ ಎರಡು ವಾರ ಇದ್ದು ಹೋಗೋಣ ಎಂದು ಕೂಸನ್ನು ಎತ್ತಿಕೊಂಡು ಈ ಮನೆಗೆ ಬಂದವರು, ಹಿಂದಿರುಗಲೇ ಇಲ್ಲ.

ಅಂದಿನಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ಅತ್ತೆಯ ಕಟ್ಟಪ್ಪಣೆ. ಗಂಡನಿಗೆ ಅನ್ನ ಬಡಿಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಮಾತ್ರೆ ಕೊಡುತ್ತಿದ್ದರು. ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. "ನಿಮ್ಮಪ್ಪನಿಗೆ ಊಟಕ್ಕೆ ಬರಕ್ಕೆ ಹೇಳು" ಎಂದು ಮಗಳ ಮೂಲಕ ಹೇಳಿಸುತ್ತಿದ್ದರು. ಮಾವ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು.

ಮೊದಲ ಕೇಕು ಪಕ್ಕದ ಮನೆಯ ನರ್ಸಮ್ಮನ ಮಗುವಿಗೆ. ಹೆಂಡತಿ ಗುಲಾಬಿ ಕ್ರೀಮಿನಲ್ಲಿ ಎಂಥ ಹೂವು ಮಾಡಿದ್ದಳು ಅಂತೀರಿ, ದುಂಬಿ ಬಂದು ಕೂರಬೇಕು. ಹೆಸರು ಬರೆಯುವಾಗ ಮಾತ್ರ ಎಡವಟ್ಟು. ಬೇಕರಿಯಲ್ಲಿ ಹೆಸರು ಬರೆಯುವುದಕ್ಕೆ ಬೇರೆ ಹುಡುಗಿ ಇದ್ದಳಂತೆ. ನನ್ನ ಹೆಂಡತಿಯ ಅಕ್ಷರಗಳು ಎಡಗಡೆ ದೊಡ್ಡದಾಗಿ ಹೊರಟು ಬಲಗಡೆ ಜಾಗ ಸಾಲದೆ ಒಂದರ ಮೇಲೊಂದು ಬಿದ್ದಿದ್ದವು. ಸಂಜೆ ಹೊತ್ತಿನ ನನ್ನ ಬಸ್ಸೇ.

ಮಾವ ನೀರು ಕುಡಿಯಲು ಒಳಗೆ ಬಂದವರು ನಿಂತು ನೋಡಿದರು.

"ಯಾರಮ್ಮ ಬರೆದಿದ್ದು ಇದು? ಕೋಳಿ ಕೆದಕಿದ ಹಾಗಿದೆ."

"ನಾನೇ ಅಪ್ಪ."

"ನನ್ನ ಮಗಳು ಅಂತ ಎಲ್ಲೂ ಹೇಳ್ಬೇಡ. ಕೆರೆದು ತೆಗಿ ಅದನ್ನ. ಒಂದು ದಾರ ಕೊಡು."

ದಾರವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ಕ್ರೀಮಿನ ಮೇಲೆ ಮೆಲ್ಲಗೆ ಒತ್ತಿ ಗೆರೆ ಎಳೆದರು. ಹಿಂದೆ ಬೋರ್ಡಿಗೆ ಸೀಮೆಸುಣ್ಣದ ದಾರದಲ್ಲಿ ಹಾಗೇ ಗೆರೆ ಹಾಕುತ್ತಿದ್ದರಂತೆ. ಆಮೇಲೆ ಕ್ರೀಮಿನ ಕೋನ್ ಕೈಗೆ ತೆಗೆದುಕೊಂಡರು. ತಟ್ಟೆಯ ಮೇಲೆ ಎರಡು ಸಲ ಒತ್ತಿ ಅದರ ಹದ ನೋಡಿದರು. ಬರೆದರು. ಹೆಂಡತಿ ಕೈಯಲ್ಲಿದ್ದ ಚಮಚ ಹಿಡಿದುಕೊಂಡೇ ಅಳತೊಡಗಿದಳು. ಅಷ್ಟು ಚೆಂದದ ಅಕ್ಷರಗಳು. ಒಂದೊಂದೂ ಸ್ನಾನ ಮಾಡಿ ತಲೆ ಬಾಚಿಕೊಂಡು ಬಂದು ಸಾಲಾಗಿ ಕೂತ ಹಾಗಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಹಿತ್ತಲಿಗೆ ಹೋಗಿ, ಬೆಳಿಗ್ಗೆ ಒಗೆದು ಹರವಿದ್ದ ಬಟ್ಟೆಗಳನ್ನೆಲ್ಲ ತೆಗೆದು ಇನ್ನೊಂದು ಸಲ ಒಗೆದರು.

ಹೂವು ನೋಡಿ ಬಂದ ಗಿರಾಕಿಗಳಿಗಿಂತ ಅಕ್ಷರ ನೋಡಿ ಬಂದವರೇ ಹೆಚ್ಚು. ಬ್ಯೂಟಿ ಪಾರ್ಲರಿನ ಅಕ್ಕ ಒಂದು ಕೇಕು ಒಯ್ದಳು, ಅವಳ ಕುರ್ಚಿಯಲ್ಲಿ ಕೂತು ಹುಬ್ಬು ತಿದ್ದಿಸಿಕೊಂಡವರೆಲ್ಲ ಸಾಲುಗಟ್ಟಿ ಬಂದರು. ಉಳಿದ ಮನೆಗೆಲಸ ಮೊದಲೇ ಮುಗಿಸಿಕೊಳ್ಳಲು ನನ್ನ ಹೆಂಡತಿ ಬೆಳಿಗ್ಗೆ ಹಾಲು ಬರುವ ಮೊದಲೇ ಏಳುತ್ತಿದ್ದಳು. ನಾನು ಸಂಜೆ ಡ್ಯೂಟಿಗೆ ಹೋಗುವ ದಾರಿಯಲ್ಲಿ ಸ್ಕೂಟರಿನ ಮುಂದೆ ಡಬ್ಬ ಇಟ್ಟುಕೊಂಡು ಮನೆಮನೆಗೆ ಮುಟ್ಟಿಸುತ್ತಿದ್ದೆ. ಶಾಲೆಗೆ ಹೋಗುವ ನನ್ನ ಮಗಳು ಉಳಿದ ಕ್ರೀಮು ನೆಕ್ಕಿ ನೆಕ್ಕಿ ಹಲ್ಲು ನೋವು ಬರಿಸಿಕೊಂಡಳು.

ಮಾವ ಬದಲಾಗಿಹೋದರು. ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಾತ್ರೆ ತೊಳೆದಾಗುವುದನ್ನೇ ಕಾಯುತ್ತಿದ್ದರು. ಅವರದೊಂದು ಹಠ ಇತ್ತು. ಹಿಂದೆ ಅಂಗಡಿಯನ್ನು ಕಣ್ಣಾರೆ ನೋಡದೆ ಬೋರ್ಡು ಬರೆದವರಲ್ಲ. ದರ್ಜಿ ಅಂಗಡಿಗೆ ಒಂದು ಥರ, ಹಾರೆ ಪಿಕಾಸಿ ಮಾರುವ ಅಂಗಡಿಗೆ ಒಂದು ಥರ. ಈಗಲೂ ಹಾಗೇ. ಯಾರಿಗೆ ಕೇಕು ಎಂದು ಪೂರ್ತಿ ತಿಳಿಯದೆ ಕೋನ್ ಮುಟ್ಟುತ್ತಿರಲಿಲ್ಲ.

"ಹೆಸರು ಇದಿಯಲ್ಲ ಅಪ್ಪ, ಚೀಟೀಲಿ. ನೋಡಿ ಬರಿ."

"ಹೆಸರಿಂದ ಏನು ಗೊತ್ತಾಗತ್ತೆ? ಆಳು ಹೇಗೆ ಅಂತ ಹೇಳು. ಜೋರಾ, ಮೆತ್ತಗಾ?"

"ಎಂಟು ವರ್ಷದ ಹುಡುಗಿ. ತುಂಬ ಮಾತು. ಮುಂದಿನ ಎರಡು ಹಲ್ಲಿಲ್ಲ."

"ಹಾಗೆ ಹೇಳು ಮತ್ತೆ!" ಕಣ್ಣು ಮುಚ್ಚಿಕೊಂಡು ಆ ಹುಡುಗಿಯನ್ನು ಎದುರಿಗೆ ತಂದುಕೊಳ್ಳುತ್ತಿದ್ದರು. ಆಮೇಲೆ ಬರೆದರೆ ಅಕ್ಷರಗಳು ಕುಣಿಯುತ್ತಿದ್ದವು. ಯಾರದೋ ಮುದುಕಿಯ ಕೇಕಾದರೆ ಅವೇ ಅಕ್ಷರಗಳು ಸೆರಗು ಹೊದ್ದು ನಿಲ್ಲುತ್ತಿದ್ದವು.

ಆ ದಿನಗಳಲ್ಲೇ ಮಾವನ ಮರೆವೂ ಹೆಚ್ಚಾಯಿತು. ಮೊದಮೊದಲು ನಲ್ಲಿ ತಿರುಗಿಸಿ ಬಿಟ್ಟು ಬರುವುದು, ಚಹಾ ಕುಡಿದು ಐದು ನಿಮಿಷಕ್ಕೆ ಚಹಾ ಎಲ್ಲಿ ಎಂದು ಕೇಳುವುದು. ಆಸ್ಪತ್ರೆಗೆ ತೋರಿಸಿದೆವು. ಡಾಕ್ಟರು ತಲೆಯಾಡಿಸಿ, ಇದು ಹೆಚ್ಚಾಗುತ್ತದೆಯೇ ಹೊರತು ಇಳಿಯುವುದಿಲ್ಲ, ಕೈಗೆ ಕೆಲಸ ಇದ್ದರೆ ಒಳ್ಳೆಯದು ಎಂದರು. ಕೈಗೆ ಕೆಲಸ ಇತ್ತಲ್ಲ. ನಾವು ಸಮಾಧಾನ ಮಾಡಿಕೊಂಡೆವು.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದೆವು. ಅನ್ನ, ಬೇಳೆ ಸಾರು, ಆಲೂಗಡ್ಡೆ ಪಲ್ಯ. ಮಾವ ತುತ್ತು ಬಾಯಿಗಿಡುವ ಮೊದಲು ಸುತ್ತ ನೋಡಿದರು.

"ಗುಂಡಣ್ಣ ಎಲ್ಲಿ? ಊಟ ಮಾಡಿದ್ನಾ?"

ಆರು ವರ್ಷದಿಂದ ಆ ಮನೆಯಲ್ಲಿ ಕೇಳದ ಹೆಸರು. ಅತ್ತೆ ಸೌಟು ಕೆಳಗಿಟ್ಟರು. ಅಷ್ಟು ವರ್ಷಗಳ ಮೇಲೆ ಮೊದಲ ಸಲ ಗಂಡನ ಮುಖ ನೋಡಿ ಮಾತಾಡಿದರು.

"ಸತ್ತ. ಸತ್ತು ಆರು ವರ್ಷ ಆಯ್ತು. ಏಣಿ ಹತ್ತಿಸಿದ್ದು ನೀವೇ."

ಮಾವನ ಮುಖ ಹೇಗಾಯಿತು ಎಂದು ಹೇಳಲಾರೆ. ಅವರಿಗೆ ಅದು ಹಳೇ ಸುದ್ದಿಯಲ್ಲ. ಆಗ ತಾನೇ ಯಾರೋ ಓಡಿ ಬಂದು ಹೇಳಿದ ಹಾಗೆ. ತಟ್ಟೆ ಬಿಟ್ಟು ಎದ್ದರು, ಬಾಗಿಲವರೆಗೆ ಓಡಿದರು, ಚಪ್ಪಲಿ ಹುಡುಕಿದರು, "ಯಾವ ಆಸ್ಪತ್ರೆ? ಯಾವ ಆಸ್ಪತ್ರೆ?" ಎಂದರು. ನಾನು ಹಿಡಿದು ಕೂರಿಸಿದೆ. ಸಂಜೆ ಹೊತ್ತಿಗೆ ಅದೂ ಮರೆತುಹೋಯಿತು. ಎರಡು ದಿನ ಬಿಟ್ಟು ಮತ್ತೆ ಕೇಳಿದರು. ಅತ್ತೆ ಮತ್ತೆ ಅದನ್ನೇ ಹೇಳಿದರು. ಮತ್ತೆ ಚಪ್ಪಲಿ, ಮತ್ತೆ ಆಸ್ಪತ್ರೆ.

ನನ್ನ ಹೆಂಡತಿ ಅಮ್ಮನ ಮೇಲೆ ಹರಿಹಾಯ್ದಳು.

"ಹೊರಗೆ ಹೋಗಿದಾನೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗತ್ತಮ್ಮ? ಯಾಕೆ ಅವರನ್ನ ದಿನಾ ಹೀಗೆ ಕೊಲ್ತೀಯ?"

"ಸುಳ್ಳು ಹೇಳ್ಲಾ? ಅದೂ ಅವನ ವಿಷಯದಲ್ಲಿ?"

"ಅವರಿಗೆ ಮರೆವು ಕಣಮ್ಮ, ಬೇಕು ಅಂತ ಮಾಡ್ತಿಲ್ಲ."

"ಹೌದಾ? ಎಷ್ಟು ಚೆನ್ನಾಗಿದೆ ನೋಡು! ಹತ್ತಿಸಿದೋರು ಮರೆತು ಆರಾಮಾಗಿ ಕೇಕಿನ ಮೇಲೆ ಚಿತ್ತಾರ ಬರ್ಕೊಂಡಿರೋದು. ಹೆತ್ತೋಳು ಒಬ್ಬಳೇ ನೆನಪಿಟ್ಕೊಂಡು ಸಾಯೋದು. ನಂಗೆ ಯಾರೇ ಕೊಡ್ತಾರೆ ಆ ಮರೆವು?"

ಅತ್ತೆಯ ಮೇಲೆ ನನಗೆ ಕೋಪ ಬಂದಿತ್ತು, ಅದು ಅಲ್ಲೇ ಇಳಿದುಹೋಯಿತು.

ಆ ಗುರುವಾರ ಬ್ಯೂಟಿ ಪಾರ್ಲರಿನ ಅಕ್ಕನ ಮಗನ ಹುಟ್ಟುಹಬ್ಬ. ಅಕ್ಕ ಎಂದರೆ ನಮ್ಮ ಅರ್ಧ ವ್ಯಾಪಾರ. ಹೆಂಡತಿ ಎರಡು ದಿನ ಮುಂಚಿನಿಂದಲೇ ಒದ್ದಾಡಿ ಚಾಕೊಲೇಟ್ ಕೇಕು ಮಾಡಿ, ಮೇಲೆ ಬಿಳೀ ಕ್ರೀಮು ಕನ್ನಡಿಯ ಹಾಗೆ ಸವರಿ, ಅಂಚಿಗೆ ನೀಲಿ ಹೂವಿನ ಬಳ್ಳಿ ಹಬ್ಬಿಸಿದಳು. ಮಾವ ದಾರದ ಗೆರೆ ಹಾಕಿ ಎಂದಿನಂತೆ ಕೇಳಿದರು.

"ಆಳು ಹೇಗೆ?"

"ಹುಡುಗ ಅಪ್ಪ. ಹತ್ತೊಂಬತ್ತು ವರ್ಷ. ಮೊನ್ನೆ ತಾನೆ ಕೆಲಸಕ್ಕೆ ಸೇರಿದಾನೆ. ಸಣ್ಣಗೆ, ಉದ್ದಕೆ. ಗುಂಗುರು ಕೂದಲು. ಇಡೀ ದಿನ ಬಿಸಿಲಲ್ಲೇ ಓಡಾಟ, ಮನೇಲಿ ಕಾಲು ನಿಲ್ಲಲ್ಲ."

"ಗೊತ್ತು ಗೊತ್ತು" ಎಂದರಂತೆ ಮಾವ. ಕಣ್ಣು ಮುಚ್ಚಿದರಂತೆ. ಅಷ್ಟರಲ್ಲಿ ಓವನ್ನಿನಲ್ಲಿ ಮತ್ತೊಂದು ಕೇಕು ಸೀಯುವ ವಾಸನೆ ಬಂದು ಹೆಂಡತಿ ಆ ಕಡೆ ಓಡಿದಳು. ಹಿಂದಿರುಗುವಷ್ಟರಲ್ಲಿ ಮಾವ ಬರೆದು ಮುಗಿಸಿ, ಡಬ್ಬದ ಮುಚ್ಚಳವನ್ನೂ ಮುಚ್ಚಿದ್ದರು. ಹೊರಗೆ ನಾನು ಹಾರ್ನ್ ಹೊಡೆಯುತ್ತಿದ್ದೆ, ಡ್ಯೂಟಿಗೆ ತಡವಾಗುತ್ತಿದೆ ಎಂದು. ಅಪ್ಪನ ಅಕ್ಷರವನ್ನು ತಿರುಗಿ ನೋಡುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ. ಡಬ್ಬ ತಂದು ನನ್ನ ಕೈಗಿಟ್ಟಳು.

ಪಾರ್ಲರಿನ ಅಕ್ಕನ ಮನೆಯಲ್ಲಿ ನೆಂಟರು ಕಿಕ್ಕಿರಿದಿದ್ದರು. "ಬನ್ನಿ ಬನ್ನಿ, ನಿಮ್ಮ ಮಾವನ ಅಕ್ಷರ ನೋಡ್ಬೇಕು ಅಂತ ಎಲ್ರೂ ಕಾಯ್ತಿದಾರೆ" ಎಂದು ಅಕ್ಕ ನನ್ನ ಕೈಯಿಂದಲೇ ಮುಚ್ಚಳ ತೆಗೆಸಿದಳು.

"ನಮ್ಮ ಗುಂಡಣ್ಣನಿಗೆ, ನೂರು ವರ್ಷ ಬಾಳು."

ಅಷ್ಟು ಚೆಂದದ ಅಕ್ಷರಗಳನ್ನು ಮಾವ ತಮ್ಮ ಜೀವಮಾನದಲ್ಲೇ ಬರೆದಿರಲಿಲ್ಲ.

"ಯಾರ್ರೀ ಇದು ಗುಂಡಣ್ಣ?" ಎಂದಳು ಅಕ್ಕ. ಯಾರೋ ನಕ್ಕರು.

"ನಮ್ಮ ಮನೆ ಹುಡುಗ" ಎಂದೆ.

"ನಿಮ್ಮನೆ ಹುಡುಗಂದು ನಮ್ಮನೆಗೆ ತಂದಿದೀರಾ? ನನ್ನ ಮಗಂದು ಎಲ್ಲಿ?"

ಅಲ್ಲಿ ನಿಂತು, ಹುಟ್ಟುಹಬ್ಬದ ಮನೆಯಲ್ಲಿ, ಆ ಹುಡುಗ ಸತ್ತಿದ್ದಾನೆ ಎಂದು ಹೇಗೆ ಹೇಳಲಿ? ಅಕ್ಕನ ಮಗ ಅಮ್ಮನ ಹಿಂದೆಯೇ ನಿಂತಿದ್ದ, ಹೌದು, ಸಣ್ಣಗೆ, ಉದ್ದಕೆ, ಗುಂಗುರು ಕೂದಲು. ಕೇಕು ಅದಲುಬದಲಾಗಿ ಹೋಗಿದೆ, ತಪ್ಪಾಯಿತು, ತಪ್ಪಾಯಿತು ಎಂದು ಬಡಬಡಿಸಿ ಡಬ್ಬ ಮುಚ್ಚಿಕೊಂಡು ಬಂದೆ. ಅಕ್ಕ ಬಾಗಿಲವರೆಗೂ ಬೈಯುತ್ತಾ ಬಂದಳು. "ಇನ್ಮೇಲೆ ನನ್ನ ಪಾರ್ಲರ್ ಮೆಟ್ಟಿಲು ಹತ್ತಬೇಡಿ" ಎಂದಳು. ಅವಳದೇನು ತಪ್ಪು?

ಅಂದಿನ ಡ್ಯೂಟಿ ಬಿಟ್ಟು ಮನೆಗೆ ಬಂದು ಕೇಕನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಹೆಂಡತಿ ನೋಡಿದಳು, ತಲೆ ಹಿಡಿದುಕೊಂಡು ಕೂತಳು. ಮಾವ ಕಿಟಕಿಯ ಹತ್ತಿರ ಹಾಯಾಗಿ ಕೂತಿದ್ದರು.

"ಅಮ್ಮನಿಗೆ ಕಾಣೋ ಮೊದ್ಲು ಮೇಲಿನ ಕ್ರೀಮು ಕೆರೆದುಬಿಡ್ತೀನಿ" ಎಂದು ಅವಳು ಚಾಕು ತೆಗೆದುಕೊಂಡಳು.

"ಮುಟ್ಟಬೇಡ."

ಅತ್ತೆ ಹಿಂದೆಯೇ ನಿಂತಿದ್ದರು. ಹತ್ತಿರ ಬಂದು ಕೇಕಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಓದಿದರು. ಬೈಯುತ್ತಾರೆ, ಮಾವನ ಕುರ್ಚಿಯ ಮುಂದೆ ಹೋಗಿ ಕೂಗಾಡುತ್ತಾರೆ ಎಂದುಕೊಂಡೆ. ಅವರು ಫ್ರಿಜ್ಜಿನ ಬಾಗಿಲು ತೆರೆದು, ತಮ್ಮ ಮೇಲಿನೆರಡು ಅಂತಸ್ತಿನಲ್ಲಿದ್ದ ಮೊಟ್ಟೆ, ಹಾಲು, ತರಕಾರಿ ಎಲ್ಲವನ್ನೂ ಹೊರಗೆ ತೆಗೆದು, ಎರಡರ ಮಧ್ಯದ ಹಲಗೆ ಕಿತ್ತು, ಆ ಜಾಗದಲ್ಲಿ ಕೇಕನ್ನು ಇಟ್ಟರು.

ಮಾರನೇ ದಿನದಿಂದ ನನ್ನ ಹೆಂಡತಿ ಮಾವನ ಕೈಗೆ ಕೋನ್ ಕೊಡಲಿಲ್ಲ. "ಇವತ್ತು ಆರ್ಡರ್ ಇಲ್ಲ ಅಪ್ಪ" ಎನ್ನುತ್ತಿದ್ದಳು. ಓವನ್ನಿನ ವಾಸನೆ ಮನೆಯೆಲ್ಲ ತುಂಬಿರುತ್ತಿತ್ತು. ಅವರು ಇಸ್ತ್ರಿ ಅಂಗಿ ತೊಟ್ಟು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈ ಎರಡನ್ನೂ ಒಂದಕ್ಕೊಂದು ಉಜ್ಜಿಕೊಂಡು, ಹಿಂದಿರುಗುತ್ತಿದ್ದರು. ಅವಳು ಓವನ್ನಿನ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದಳು.

"ಇನ್ನೊಂದು ಸಲ ನೋಡೋಣ ಕಣೇ" ಎಂದೆ ನಾನು. "ಬರೆದ ಮೇಲೆ ನೀನು ಓದಿ ಕಳಿಸು."

"ಓದ್ತೀನಿ. ಪ್ರತೀ ಸಲ ಅವನ ಹೆಸರೇ ಇದ್ರೆ? ಎಷ್ಟು ಸಲ ಕೆರೀಲಿ ರೀ ನಾನು? ನನ್ನ ತಮ್ಮ ಅವನು."

ಇತ್ತ ಅತ್ತೆ ದಿನಕ್ಕೆ ಎಷ್ಟು ಸಲ ಫ್ರಿಜ್ಜು ತೆರೆಯುತ್ತಿದ್ದರೋ ಲೆಕ್ಕವಿಲ್ಲ. ತೆರೆದು ನಿಂತು ನೋಡುತ್ತಿದ್ದರು. ಆರು ವರ್ಷ ಆ ಹೆಸರು ಕಿವಿಗೆ ಬೀಳಬಾರದು ಎಂದಿದ್ದವರು. ಹಾಲು ಹೊರಗಿದ್ದು ಒಡೆಯುತ್ತಿತ್ತು, ತರಕಾರಿ ಬಾಡುತ್ತಿತ್ತು. ನಾವು ಕಪ್ಪು ಚಹಾ ಕುಡಿದು, ಉಪ್ಪಿನಲ್ಲಿ ಬೇಯಿಸಿದ ಬೀನ್ಸ್ ತಿಂದು ಬಾಯಿ ಮುಚ್ಚಿಕೊಂಡಿದ್ದೆವು.

ಆಗ ಮಗಳ ಶಾಲೆಯಿಂದ ದೊಡ್ಡ ಆರ್ಡರು ಬಂತು. ಹೆಡ್‌ಮೇಷ್ಟ್ರು ನಿವೃತ್ತರಾಗುತ್ತಿದ್ದರು, ಸೋಮವಾರಕ್ಕೆ ಎರಡು ಅಂತಸ್ತಿನ ಕೇಕು ಬೇಕು. ಪಾರ್ಲರಿನ ಅಕ್ಕ ಕೈಬಿಟ್ಟ ಮೇಲೆ ಇದೊಂದೇ ಆಸರೆ. ಅಷ್ಟು ದೊಡ್ಡ ಕೇಕು ಇಡಲು ಇಡೀ ಫ್ರಿಜ್ಜು ಖಾಲಿಯಾಗಬೇಕು. ಪಕ್ಕದ ನರ್ಸಮ್ಮನ ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಇಡಲೂ ಜಾಗವಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ತಾಯಿ ಮಗಳಿಗೆ ಹತ್ತಿಕೊಂಡಿತು.

"ಅಮ್ಮ, ಅದು ಕೇಕು. ಹತ್ತು ದಿನ ಆಯ್ತು. ಕೆಟ್ಟುಹೋಗತ್ತೆ."

"ಕೆಟ್ಟಾಗ ನೋಡ್ಕೋತೀನಿ."

"ನಾನು ದುಡೀಬೇಕಾ ಬೇಡ್ವಾ?"

"ದುಡಿ. ಯಾರು ಬೇಡ ಅಂದ್ರು? ನನ್ನ ಫ್ರಿಜ್ಜು, ನಾನು ಏನಾದ್ರೂ ಇಟ್ಕೋತೀನಿ."

"ಅವನ ಹೆಸರು ಎತ್ತಿದ್ರೆ ಬಾಯಿ ಮುಚ್ಚಿಸ್ತಿದ್ದೆಯಲ್ಲಮ್ಮ. ಫೋಟೋ ಸಹ ಪೆಟ್ಟಿಗೇಲಿ ಹಾಕಿಟ್ಟಿದೀಯ. ಈಗ ಈ ಸಕ್ಕರೆ ಮೇಲೆ ಯಾಕೆ ಇಷ್ಟು ಮೋಹ?"

ಅತ್ತೆಯ ಧ್ವನಿ ಇಳಿಯಿತು. "ಅವತ್ತು ಸರಿಯಾಗಿ ಮುಖ ನೋಡಕ್ಕೂ ಬಿಡ್ಲಿಲ್ಲ ನೀವ್ಯಾರೂ. ನೋಡ್ಬಾರ್ದು, ನೋಡ್ಬಾರ್ದು ಅಂತ ನನ್ನ ಹಿಡ್ಕೊಂಡು, ಬೇಗ ಬೇಗ ಎತ್ಕೊಂಡು ಹೋದ್ರಿ. ಇದನ್ನೂ ಎತ್ಕೊಂಡು ಹೋಗ್ತೀರಾ?"

ಹಿಡಿದುಕೊಂಡವನು ನಾನೇ. ಹೆಂಡತಿ ಸೋತು ಗೋಡೆಗೆ ಒರಗಿದಳು. ನಾನು ಏನೋ ಹೇಳಬೇಕೆಂದು ಬಾಯಿ ತೆರೆದಾಗ ನನ್ನ ಮಗಳು ಅಡುಗೆಮನೆಯಿಂದ ಓಡಿ ಬಂದಳು.

"ಅಜ್ಜಿ, ತಾತ ಕೇಕ್ ತಿಂತಿದಾರೆ."

ಎಲ್ಲರೂ ಓಡಿದೆವು. ಫ್ರಿಜ್ಜಿನ ಬಾಗಿಲು ಬಾಯಿಬಿಟ್ಟುಕೊಂಡಿತ್ತು. ಮಾವ ನೆಲದ ಮೇಲೆ ಕಾಲು ಚಾಚಿ ಕೂತು, ಕೇಕಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಲ್ಲೇ ಮುರಿದು ಮುರಿದು ತಿನ್ನುತ್ತಿದ್ದರು. ಮೀಸೆಯೆಲ್ಲ ಬಿಳಿ ಕ್ರೀಮು. ಅರ್ಧ ಬಳ್ಳಿ ಹೋಗಿತ್ತು. ಕೆಳಗಿನ ಸಾಲಿನ ನೂರು ವರ್ಷವೂ ಹೋಗಿತ್ತು.

ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಇವತ್ತು ಈ ಮನೆ ಉಳಿಯುವುದಿಲ್ಲ ಎಂದುಕೊಂಡೆ.

ಮಾವ ತಲೆಯೆತ್ತಿ ನೋಡಿದರು. "ಏನು, ಎಲ್ರೂ ಹೀಗೆ ನಿಂತಿದೀರಾ? ಹುಟ್ಟುಹಬ್ಬಕ್ಕೆ ಅಂತ ಬರೆದಿದ್ದು ನಾನೇ ತಾನೆ? ಅವನು ಬರೋದು ತಡ ಆಗತ್ತೆ. ನಂಗೆ ಹಸಿವು ತಡೀಲಿಲ್ಲ." ಆಮೇಲೆ ನಾಚಿಕೆಯಾದವರ ಹಾಗೆ ತಟ್ಟೆಯನ್ನು ಅತ್ತೆಯ ಕಡೆ ಸರಿಸಿದರು. "ಗುಂಡಣ್ಣನಿಗೆ ಒಂದು ತುಂಡು ತೆಗೆದಿಡೇ."

ಅತ್ತೆಯ ತುಟಿ ಬಿಚ್ಚಿಕೊಂಡಿತು. ಅವರು ಏನು ಹೇಳುತ್ತಾರೆ ಎಂದು ನಮಗೆಲ್ಲ ಬಾಯಿಪಾಠವಾಗಿತ್ತು. ನನ್ನ ಮಗಳು ಕಿವಿ ಮುಚ್ಚಿಕೊಂಡಳು. ನಾನು ಚಪ್ಪಲಿ ಬಚ್ಚಿಡಬೇಕಾಗಿತ್ತು ಎಂದು ಯೋಚಿಸಿದೆ.

ಅತ್ತೆ ಗಂಡನ ಮುಂದೆ ಮಂಡಿಯೂರಿ ಕೂತರು. ಸೆರಗಿನ ತುದಿಯಿಂದ ಅವರ ಮೀಸೆ ಒರೆಸಿದರು. ಒರೆಸುತ್ತಾ ಕೇಳಿದರು.

"ಎಷ್ಟು ದೊಡ್ಡ ತುಂಡು ಬೇಕು ಅವನಿಗೆ?"

"ದೊಡ್ಡದೇ ಇಡು. ಪಾಪ, ಬೆಳಿಗ್ಗೆಯಿಂದ ಏಣಿ ಮೇಲೇ ಇದಾನೆ."

ಅತ್ತೆಯ ಕೈ ಅವರ ಮೀಸೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವರು ಮಗಳಿಂದ ಚಾಕು ಕೇಳಿ ತೆಗೆದುಕೊಂಡು, ಹೆಸರಿನ ಒಂದಕ್ಷರವೂ ಮುರಿಯದ ಹಾಗೆ ಸುತ್ತಲೂ ಕತ್ತರಿಸಿ, ಆ ತುಂಡನ್ನು ಬೇರೆ ತಟ್ಟೆಯಲ್ಲಿಟ್ಟು ಮುಚ್ಚಿದರು. ಉಳಿದದ್ದನ್ನು ಚೂರು ಚೂರು ಮಾಡಿ ನಮಗೆಲ್ಲ ಹಂಚಿದರು. ಕೇಕು ಒಣಗಿತ್ತು, ಫ್ರಿಜ್ಜಿನ ವಾಸನೆ ಹೊಡೆಯುತ್ತಿತ್ತು. ನಾವು ತಿಂದೆವು.

"ಚೆನ್ನಾಗಿದೆ ಅಲ್ವಾ?" ಎಂದರು ಮಾವ.

"ಚೆನ್ನಾಗಿದೆ ಅಪ್ಪ" ಎಂದಳು ನನ್ನ ಹೆಂಡತಿ.

ಆಮೇಲೆ ಅವಳು ಫ್ರಿಜ್ಜು ಒರೆಸಿ ಹೆಡ್‌ಮೇಷ್ಟ್ರ ಕೇಕಿನ ಕೆಲಸಕ್ಕೆ ನಿಂತಳು. ಹೆಸರನ್ನು ತಾನೇ ದಾರ ಹಾಕಿ ಬರೆದಳು. ಅಕ್ಷರಗಳು ಒಂದಷ್ಟು ಸೊಟ್ಟಗಿದ್ದವು, ಹಾಗೇ ಬಿಟ್ಟಳು. ನಾನು ಕೇಕಿನ ಡಬ್ಬ ತರಲು ಹೊರಗೆ ಹೋಗಿ ಬಂದಾಗ ಅತ್ತೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬರೇ ಕೂತು, ಮುಚ್ಚಿಟ್ಟಿದ್ದ ಆ ತುಂಡನ್ನು ತಿನ್ನುತ್ತಿದ್ದರು. ಅಗಿಯುತ್ತಿದ್ದರು, ಅಳುತ್ತಿದ್ದರು, ಮತ್ತೆ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಬಂದ ದಾರಿಯಲ್ಲೇ ಹಿಂದೆ ಸರಿದೆ.

ದೀಪ ಹಾಕುವ ಹೊತ್ತಿಗೆ ಮಾವ ಕುರ್ಚಿಯಿಂದ ಎದ್ದರು.

"ಬಂದ್ನಾ ಅವನು?"

ಹೆಂಡತಿಯ ಕೈ ಕ್ರೀಮಿನಲ್ಲಿತ್ತು, ನನ್ನ ಕೈಯಲ್ಲಿ ಮಗಳ ಪುಸ್ತಕ ಇತ್ತು. ಅತ್ತೆ ಹಿತ್ತಲಿನಿಂದ ಖಾಲಿ ತಟ್ಟೆ ಹಿಡಿದು ಒಳಗೆ ಬರುತ್ತಿದ್ದರು.

"ಬಂದ" ಎಂದರು. "ತಿಂದು ಮಲಗಿದಾನೆ."

"ಇಷ್ಟು ಬೇಗ?"

"ಸುಸ್ತಾಗಿತ್ತು. ಎಬ್ಬಿಸ್ಬೇಡಿ."

ಮಾವ ತಲೆಯಾಡಿಸಿದರು. ಕಾಲಿನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಗೋಡೆ ಮುಟ್ಟಿಕೊಂಡು, ಸದ್ದಾಗದ ಹಾಗೆ ತಮ್ಮ ಕೋಣೆಗೆ ನಡೆದರು. ಅತ್ತೆ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಅವರ ಹಿಂದೆ ಹಾಗೇ ತುದಿಗಾಲಲ್ಲಿ ಹೋದರು.